ಮೂರು ಕಾಲಿನ ಕುರ್ಚಿ

ಗುಜರಿಯಿಂದ ಮರ, ಟ್ರಂಕಿನಿಂದ ಸೀರೆ, ರದ್ದಿಯಿಂದ ಬುಟ್ಟಿ. ಕಡಿಮೆ ಕಾಸಿನಲ್ಲಿ ಮನೆ ಸಿಂಗರಿಸಲು ಹೊರಟವರಿಗೆ ಕೈಗಿಂತ ಮೊದಲು ಕಣ್ಣು ಪಳಗಬೇಕು

ಗುಜರಿ ಅಂಗಡಿಯ ಹಿಂದುಗಡೆ, ತುಕ್ಕು ಹಿಡಿದ ಕೂಲರುಗಳ ರಾಶಿಗೆ ಒರಗಿಕೊಂಡು ಅದು ಅಡ್ಡ ಬಿದ್ದಿತ್ತು. ಮೂರು ಕಾಲು, ಎರಡು ಕೈ, ಕೂರುವ ಜಾಗದಲ್ಲಿ ಒಂದು ದೊಡ್ಡ ಬಯಲು. ಒಂದು ಕಾಲಕ್ಕೆ ಬೆತ್ತ ಹೆಣೆದಿದ್ದರು ಅನ್ನುವುದಕ್ಕೆ ಚೌಕಟ್ಟಿನ ಸುತ್ತ ಸಾಲು ತೂತುಗಳಷ್ಟೇ ಸಾಕ್ಷಿ. ಮೇಲೆ ಯಾರೋ ಬಳಿದಿದ್ದ ಹಸಿರು ಬಣ್ಣ ಹಾವಿನ ಪೊರೆಯಂತೆ ಎದ್ದಿತ್ತು.

‘ಎಷ್ಟಣ್ಣ ಇದು?’

‘ಅದಾ? ಸೌದೆಗೆ ಹಾಕಿದ್ದು ಅಕ್ಕಾ. ನಿಮಗಾದ್ರೆ ಐನೂರು.’

‘ಮೂರೇ ಕಾಲಿದೆಯಲ್ಲ!’

‘ಅದಕ್ಕೇ ಐನೂರು. ನಾಕಿದ್ದಿದ್ರೆ ಸಾವಿರ ಹೇಳ್ತಿದ್ದೆ.’

ವಾದದಲ್ಲಿ ಅವನೇ ಗೆದ್ದ. ಆದರೂ 350ಕ್ಕೆ ಕೊಟ್ಟ. ಆಟೋದವನಿಗೆ 120. ಮನೆಗೆ ತಂದಾಗ ನಮ್ಮನೆಯವರು ಬಾಗಿಲಲ್ಲೇ ನಿಂತು ಒಂದು ಸಲ ಕುರ್ಚಿಯನ್ನೂ ಒಂದು ಸಲ ನನ್ನನ್ನೂ ನೋಡಿ, ‘ಉಳಿದ ಕಾಲು ಮುಂದಿನ ವಾರ ಬರುತ್ತಾ?’ ಎಂದು ಕೇಳಿದರು.

ನಾನು ಅದನ್ನು ಕೊಂಡದ್ದು ಕನಿಕರದಿಂದ ಅಲ್ಲ. ಎತ್ತಿದಾಗ ಕೈಗೆ ತೂಕ ಹತ್ತಿತು. ಕುರ್ಚಿಯ ಕೈಯ ಕೆಳಭಾಗದಲ್ಲಿ, ಯಾರಿಗೂ ಕಾಣದ ಕಡೆ, ಒಂದು ರೂಪಾಯಿ ನಾಣ್ಯದಿಂದ ಕೆರೆದಾಗ ಹಸಿರಿನಡಿಯಿಂದ ಜೇನುಬಣ್ಣ ಇಣುಕಿತು. ಮೂಗಿಗೆ ಹಿಡಿದರೆ ಹಳೇ ಚರ್ಮದ ಪೆಟ್ಟಿಗೆಯಂಥ ವಾಸನೆ. ತೇಗ. ಅಷ್ಟು ವರ್ಷ ಮಳೆಯಲ್ಲೋ ಬಿಸಿಲಲ್ಲೋ ಬಿದ್ದಿದ್ದರೂ ಒಂದು ಸೀಳು ಬಿಟ್ಟಿರಲಿಲ್ಲ. ಅಂಥ ಮರವನ್ನು ಇವತ್ತು ಹೊಸದಾಗಿ ಕೊಳ್ಳಲು ಹೊರಟರೆ ಕುರ್ಚಿಯ ಮಾತಿರಲಿ, ಅದರ ಕೈಯಷ್ಟು ತುಂಡಿಗೂ 350 ರೂಪಾಯಿ ಸಾಲುವುದಿಲ್ಲ.

ಮೊಬೈಲ್ ತೆರೆದರೆ ಸಾಕು, ಹಳೇ ಸಾಮಾನಿಗೆ ಹೊಸ ರೂಪ ಕೊಡುವ ವಿಡಿಯೋಗಳು ಸಾಲುಗಟ್ಟುತ್ತವೆ. ಅರ್ಧ ನಿಮಿಷದಲ್ಲಿ ಮುರುಕಲು ಮೇಜು ಅರಮನೆಯ ಮೇಜಾಗುತ್ತದೆ. ಅವುಗಳಲ್ಲಿ ಬಣ್ಣ ಹೇಗೆ ಬಳಿಯಬೇಕೆಂದು ಹೇಳುತ್ತಾರೆ. ಯಾವುದಕ್ಕೆ ಬಳಿಯಬಾರದು ಎಂದು ಹೇಳುವುದಿಲ್ಲ. ಹತ್ತು ವರ್ಷ ಕೈಸುಟ್ಟುಕೊಂಡು ನಾನು ಕಲಿತದ್ದು ಹೆಚ್ಚಾಗಿ ಎರಡನೆಯದನ್ನು.

ಅಡಿ ನೋಡಿ ಕೊಳ್ಳಿ

ಹಳೇ ಕುರ್ಚಿ, ಮೇಜು, ಕಪಾಟು ಕೊಳ್ಳುವಾಗ ಎಲ್ಲರೂ ಮುಖ ನೋಡುತ್ತಾರೆ. ನೋಡಬೇಕಾದ್ದು ಅಡಿ. ಕವುಚಿ ಹಾಕಿ, ಎರಡು ಮರ ಕೂಡುವ ಜಾಗ ನೋಡಿ. ಒಂದರ ತುದಿಯನ್ನು ನಾಲಿಗೆಯಂತೆ ಕೆತ್ತಿ ಇನ್ನೊಂದರ ತೂತಿಗೆ ಕೂರಿಸಿ, ಅಡ್ಡಕ್ಕೊಂದು ಮರದ ಗೂಟ ಹೊಡೆದಿದ್ದರೆ ಅದನ್ನು ಮಾಡಿದವನು ಕೆಲಸ ಬಲ್ಲವನು. ಅಂಥ ಜೋಡಣೆ ಸಡಿಲವಾಗಿದ್ದರೂ ಬಿಚ್ಚಿ, ಹಳೇ ಅಂಟು ಕೆರೆದು, ಹೊಸದಾಗಿ ಕೂರಿಸಬಹುದು. ಬರೀ ಮೊಳೆ, ಪಿನ್ನುಗಳ ಮೇಲೆ ನಿಂತದ್ದಾದರೆ ನಮಸ್ಕಾರ ಹೇಳಿ ಮುಂದೆ ನಡೆಯಿರಿ.

ಸಣ್ಣ ಗುಂಡು ರಂಧ್ರಗಳನ್ನು ಕಂಡು ಹೆದರಬೇಕಿಲ್ಲ. ಬೆರಳಿಂದ ತಟ್ಟಿದಾಗ ಗೋಧಿಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆಹುಳು ಇನ್ನೂ ಒಳಗೆ ಸಂಸಾರ ನಡೆಸುತ್ತಿದೆ. ರಂಧ್ರದ ಬಾಯಿ ಕಪ್ಪಾಗಿ, ಪುಡಿ ಇಲ್ಲದಿದ್ದರೆ ಬಹುಮಟ್ಟಿಗೆ ಮನೆ ಖಾಲಿ ಮಾಡಿ ಹೋಗಿದೆ. ಗೆದ್ದಲಿನದು ಬೇರೆ ಕತೆ: ಹೊರಗಿನಿಂದ ಗಟ್ಟಿಯಾಗಿ ಕಾಣುವ ಮರ ತಟ್ಟಿದರೆ ಟೊಳ್ಳು ಸದ್ದು ಮಾಡುತ್ತದೆ. ಉಗುರಿಂದ ಒತ್ತಿದಾಗ ಒಳಗೆ ಹೋದರೆ ಅದು ಮರವಲ್ಲ, ಮರದ ನೆನಪು.

ಇನ್ನು ಬೆಂಗಳೂರಿನ ರಸ್ತೆ ಬದಿಯಲ್ಲಿ ತಿಂಗಳ ಕೊನೆಗೆ ಪುಕ್ಕಟೆ ಸಿಗುವ ಕಪಾಟು, ಕಂಪ್ಯೂಟರ್ ಮೇಜುಗಳು. ಬಾಡಿಗೆ ಮನೆ ಬದಲಿಸುವವರು ಬಿಟ್ಟುಹೋದವು. ನೋಡಲು ಹೊಳೆಯುತ್ತವೆ. ಮುಟ್ಟಬೇಡಿ. ಮರದ ಹೊಟ್ಟಿಗೆ ಅಂಟು ಕಲಸಿ ಒತ್ತಿದ ಹಲಗೆ ಅದು. ಮೂಲೆಗೆ ನೀರು ತಾಗಿದರೆ ಇಡ್ಲಿಯಂತೆ ಉಬ್ಬುತ್ತದೆ, ಒಮ್ಮೆ ಬಿಚ್ಚಿದ ಸ್ಕ್ರೂ ಎರಡನೇ ಸಲ ಅಲ್ಲಿ ನಿಲ್ಲುವುದಿಲ್ಲ. ಅಂಥದ್ದಕ್ಕೆ ನಾನು ಒಂದು ವಾರಾಂತ್ಯ ಮತ್ತು ಎಂಟುನೂರು ರೂಪಾಯಿಯ ಬಣ್ಣ ಸುರಿದಿದ್ದೇನೆ. ಆರು ತಿಂಗಳಿಗೆ ಅದು ಎಲ್ಲಿಂದ ಬಂದಿತ್ತೋ ಅಲ್ಲಿಗೇ ಹೋಯಿತು. ನೋಡುವುದಕ್ಕೆ ಚೆಂದವಾಗಿಯೇ ಹೋಯಿತು.

ಒಳ್ಳೆಯ ಮರ ಎಲ್ಲಿದೆ ಅಂದರೆ, ಕೆಡವಿದ ಮನೆಗಳಲ್ಲಿದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ, ಹಳೇ ಮೈಸೂರಿನ ಊರುಗಳಲ್ಲಿ ತೊಟ್ಟಿಮನೆಗಳು ಉರುಳಿದಾಗ ಅವುಗಳ ಕಂಬ, ತೊಲೆ, ಜಂತೆ, ಬಾಗಿಲು, ಕಿಟಕಿಗಳು ಮರಮುಟ್ಟಿನ ಅಂಗಡಿ ಸೇರುತ್ತವೆ. ತೇಗ, ಬೀಟೆ, ಹೊನ್ನೆ, ಮತ್ತಿ, ಹಲಸು. ಕೆತ್ತನೆಯ ಬಾಗಿಲಿಗೆ ಆಸೆಪಡಬೇಡಿ, ಅದಕ್ಕೆ ಈಗ ಹೋಟೆಲಿನವರು ಬೆಲೆ ಏರಿಸಿದ್ದಾರೆ. ಯಾರೂ ಕೇಳದ ಸಾದಾ ಕಿಟಕಿಯ ರೆಕ್ಕೆ, ಅಟ್ಟದ ಹಲಗೆ, ಮುರಿದ ತೊಟ್ಟಿಲಿನ ಪಕ್ಕೆ ಕೇಳಿ. ಕಿಟಕಿಯ ಒಂದು ರೆಕ್ಕೆಗೆ ನಾಲ್ಕು ಕಾಲು ಹಾಕಿದರೆ ಕಾಫಿ ಮೇಜು. ಕಾಲು ಹಾಕುವುದು ಕಷ್ಟವೆಂದರೆ, ತುಳಿಯುವ ಹೊಲಿಗೆ ಯಂತ್ರದ ಬೀಡುಕಬ್ಬಿಣದ ಸ್ಟ್ಯಾಂಡ್ ಇದೆಯಲ್ಲ, ಅದರ ಮೇಲೆ ಹಲಗೆ ಬಿಗಿದರೆ ಓದುವ ಮೇಜು ತಯಾರು. ಮಕ್ಕಳು ಪಾಠ ಓದುತ್ತಾ ಕಾಲಡಿಯ ಪೆಡಲ್ ತುಳಿಯುತ್ತಾರೆ. ಓದು ಹತ್ತುತ್ತದೋ ಇಲ್ಲವೋ, ಕೂತ ಜಾಗದಿಂದ ಏಳುವುದಿಲ್ಲ.

ಹಸಿರಿನ ಕೆಳಗೆ

ಬಣ್ಣ ತೆಗೆಯುವ ಮೊದಲು ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಮನೆಗೆ ಬಳಸುವ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಹಸಿರು, ಹಳದಿ, ಕೆಂಪು ಎನಾಮಲ್‌ಗಳಲ್ಲಿ ಏನಿತ್ತೋ ಬಳಿದವನಿಗೂ ಗೊತ್ತಿರಲಿಲ್ಲ. ಹಾಗಾಗಿ ಒಣ ಬಣ್ಣವನ್ನು ಉಜ್ಜಿ ಧೂಳೆಬ್ಬಿಸಬಾರದು. ನೀರು ಚಿಮುಕಿಸಿ, ಒದ್ದೆ ಉಜ್ಜು ಉಜ್ಜಬೇಕು. ಮೂಗಿಗೆ ಬಟ್ಟೆ ಸಾಲದು, ಒಳ್ಳೆಯ ಮಾಸ್ಕ್ ಬೇಕು. ಕೆಳಗೆ ಹಳೇ ಪ್ಲಾಸ್ಟಿಕ್ ಹಾಸಿ, ಬಿದ್ದದ್ದನ್ನೆಲ್ಲ ಮಡಚಿ ಕಟ್ಟಿ ಎಸೆಯಬೇಕು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಹಳೇ ಬಣ್ಣದ ತೊಟ್ಟಿಲು ಹೊರತೆಗೆಯುವ ಉತ್ಸಾಹ ಬಂದರೆ ಇದನ್ನು ಎರಡು ಸಲ ಓದಿಕೊಳ್ಳಿ. ಹಲ್ಲು ಬರುವ ಮಗು ಮೊದಲು ಕಚ್ಚುವುದೇ ತೊಟ್ಟಿಲಿನ ಅಂಚು.

ನಾಲ್ಕನೇ ಕಾಲಿಗೆ ನಮ್ಮ ಬೀದಿಯ ಆಚಾರ್ರ ಬಳಿ ಹೋದೆ. ತೇಗದ ತುಂಡು ಅವರಲ್ಲಿರಲಿಲ್ಲ. ಯಾರದೋ ದೇವರ ಮಂಟಪ ಮಾಡಿ ಉಳಿದಿದ್ದ ಹಲಸಿನ ತುಂಡಿತ್ತು. ಹತ್ತರಿ ಹೊಡೆದು, ಉಳಿಯಿಂದ ತುದಿ ಕೆತ್ತಿ, ಒಂದು ಮಧ್ಯಾಹ್ನದಲ್ಲಿ ಕೂರಿಸಿಕೊಟ್ಟರು. ಕೂಲಿ, ಮರ ಎಲ್ಲ ಸೇರಿ 500. ಮೂರು ಕಾಲು ಕಂದು, ಒಂದು ಕಾಲು ಅರಿಶಿನ. ‘ಬಣ್ಣ ಹಾಕಿ ಒಂದೇ ಮಾಡ್ಲಾಮ್ಮಾ?’ ಎಂದರು. ಬೇಡವೆಂದೆ. ಕಾರಣ ಸೌಂದರ್ಯಪ್ರಜ್ಞೆ ಅಂತೇನಲ್ಲ, ಜೇಬು.

ಉಜ್ಜುವ ಕೆಲಸ ನನ್ನದು. ಉಪ್ಪುಕಾಗದದಲ್ಲಿ ಮೊದಲು 80ರ ಒರಟು, ಆಮೇಲೆ 120, ಕೊನೆಗೆ 220. ಸಂಖ್ಯೆ ಏರಿದಷ್ಟೂ ಕಾಗದ ನಯ. ಯಾವಾಗಲೂ ಮರದ ಎಳೆ ಹರಿದ ದಿಕ್ಕಿಗೇ ಕೈ ಆಡಬೇಕು. ಅಡ್ಡ ಉಜ್ಜಿದ ಗೀರು ಆಗ ಕಾಣುವುದಿಲ್ಲ, ಪಾಲಿಶ್ ಬಿದ್ದ ಮೇಲೆ ಬೆಕ್ಕು ಪರಚಿದಂತೆ ಎದ್ದು ಕೂರುತ್ತದೆ.

ಪಾಲಿಶ್ ಎಂದರೆ ಅರಗು. ಚನ್ನಪಟ್ಟಣದ ಬುಗುರಿ, ಗೊಂಬೆಗಳ ಮೈಗೆ ಹೊಳಪು ಕೊಡುವುದೂ ಅರಗೇ. ಅಲ್ಲಿ ತಿರುಗುವ ಆಲೆಮರದ ಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ, ತಿಕ್ಕಾಟದ ಕಾವಿಗೆ ಅದು ಕರಗಿ ಮರಕ್ಕೆ ಹತ್ತುತ್ತದೆ. ಇಲ್ಲಿ ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಒಂದು ರಾತ್ರಿ ನೆನೆಸಿ ಕರಗಿಸಬೇಕು. ಹತ್ತಿಯ ಉಂಡೆಯನ್ನು ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿಕೊಂಡು ಅದರಲ್ಲದ್ದಿ, ತೆಳ್ಳಗೆ, ಹತ್ತಾರು ಸಲ ಸವರಬೇಕು. ದಪ್ಪಗೆ ಒಂದೇ ಸಲ ಹಚ್ಚಿ ಮುಗಿಸೋಣ ಅನ್ನುವವರಿಗೆ ಇದು ಒಲಿಯುವುದಿಲ್ಲ.

ನನಗೂ ಮೊದಲ ಸಲ ಒಲಿಯಲಿಲ್ಲ. ಆತುರಕ್ಕೆ ಬಿದ್ದು ಜುಲೈ ತಿಂಗಳ ಜಡಿಮಳೆಯಲ್ಲಿ ಕೂತು ಪಾಲಿಶ್ ಹೊಡೆದೆ. ಸಂಜೆಗೆ ಕುರ್ಚಿಯ ಮೈಮೇಲೆಲ್ಲ ವಿಭೂತಿ ಬಳಿದಂತೆ ಬೆಳ್ಳಗೆ ಮಂಕು ಕವಿಯಿತು. ಎಲ್ಲಾ ಹಾಳಾಯಿತೆಂದು ಆಚಾರ್ರನ್ನು ಕರೆದರೆ ಅವರು ನೋಡಿ ನಕ್ಕರು. ‘ಮಳೇಲಿ ಯಾರಾದ್ರೂ ಪಾಲಿಶ್ ಮಾಡ್ತಾರೇನಮ್ಮಾ? ಗಾಳಿಯಲ್ಲಿರೋ ನೀರೆಲ್ಲ ಅದು ಹೀರಿಕೊಂಡಿದೆ. ಬಿಸಿಲು ಬರ್ಲಿ, ಬರೀ ಸ್ಪಿರಿಟ್ಟು ಸವರಿ.’ ನಾಲ್ಕು ದಿನ ಕಾದು, ಒಂದು ಎಳೆಬಿಸಿಲಿನಲ್ಲಿ ಸ್ಪಿರಿಟ್ ಸವರಿದೆ. ಮಂಕು ಕಣ್ಣೆದುರೇ ಕರಗಿಹೋಯಿತು. ಅರಗಿನ ದೊಡ್ಡ ಗುಣ ಇದೇ, ತಪ್ಪು ಮಾಡಿದವರನ್ನು ಕ್ಷಮಿಸುತ್ತದೆ. ಸಣ್ಣ ಗುಣವೂ ಒಂದಿದೆ. ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಉಂಗುರ ಬರೆಯುತ್ತದೆ. ಆದ್ದರಿಂದ ಊಟದ ಮೇಜಿಗೆ ಅದು ಬೇಡ. ಅಲ್ಲಿ ಅಗಸೆ ಎಣ್ಣೆ ಮೇಲು. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿ ಕಾವೇರಿ ಹೊತ್ತಿಕೊಳ್ಳಬಹುದು. ಬಿಡಿಸಿ, ಹಗ್ಗದ ಮೇಲೆ ಹರವಿ ಒಣಗಿಸಿ.

ಲೆಕ್ಕ ಹೀಗಿದೆ: ಕುರ್ಚಿ 350, ಆಟೋ 120, ಕಾಲು 500, ಉಪ್ಪುಕಾಗದ 80, ಅರಗು ಮತ್ತು ಸ್ಪಿರಿಟ್ 260. ಒಟ್ಟು 1,310. ಇದರಲ್ಲಿ ನನ್ನ ಮೂರು ಭಾನುವಾರಗಳ ಕೂಲಿ ಸೇರಿಲ್ಲ. ಸೇರಿಸಿದರೆ ಅಂಗಡಿಯ ಕುರ್ಚಿಯೇ ಅಗ್ಗ ಎಂದು ನಮ್ಮನೆಯವರು ಇವತ್ತಿಗೂ ವಾದಿಸುತ್ತಾರೆ, ಆ ಕುರ್ಚಿಯಲ್ಲಿ ಕೂತುಕೊಂಡೇ.

ಸೀರೆ ಹೆಣೆದದ್ದು

ಕೂರುವ ಜಾಗದ ಬಯಲು ಹಾಗೇ ಇತ್ತು. ಬೆತ್ತ ಹೆಣೆಯುವವರನ್ನು ಕೇಳಿದೆ, ಅವರು ಹೇಳಿದ ಕೂಲಿ ನ್ಯಾಯವಾದದ್ದೇ, ಆದರೆ ನನ್ನ ಬಜೆಟ್ ಮುಗಿದಿತ್ತು. ಮಂಚಕ್ಕೆ ನವಾರು ಹೆಣೆಯುತ್ತಿದ್ದದ್ದು ನೆನಪಾಯಿತು. ನವಾರಿನ ಬದಲು ಸೀರೆ ಏಕಾಗಬಾರದು?

ಸೀರೆಯನ್ನು ಉದ್ದಕ್ಕೆ ಗೇಣಗಲದ ಪಟ್ಟಿಗಳಾಗಿ ಹರಿದು, ಹುರಿ ಹೊಸೆದಂತೆ ತಿರುಚಿ, ಬೆತ್ತದ ತೂತುಗಳ ಗೊಡವೆಗೆ ಹೋಗದೆ ಚೌಕಟ್ಟಿಗೇ ಸುತ್ತಬೇಕು. ಮೊದಲು ಮುಂದಿನಿಂದ ಹಿಂದಕ್ಕೆ ಒತ್ತೊತ್ತಾಗಿ, ಆಮೇಲೆ ಅಡ್ಡಕ್ಕೆ ಒಂದು ಮೇಲೆ ಒಂದು ಕೆಳಗೆ. ಮೊದಲ ಸಲ ಎರಡೂ ದಿಕ್ಕಿಗೆ ನೂಲಿನ ಸೀರೆಯನ್ನೇ ಹಾಕಿದೆ. ಮೂರು ತಿಂಗಳಿಗೆ ಅದು ಜೋಲಿಯಾಯಿತು. ಕೂತವರು ಏಳಲು ಇನ್ನೊಬ್ಬರು ಕೈಕೊಡಬೇಕಾಯಿತು. ಬಿಚ್ಚಿ, ಉದ್ದಕ್ಕೆ ಪಾಲಿಯೆಸ್ಟರ್ ಸೀರೆ ಹಾಕಿದೆ. ಉಡಲು ಬೆವರು ಹಿಡಿಯುವ, ಯಾರಿಗೂ ಕೊಡಲೂ ಮನಸ್ಸಾಗದ, ಮದುವೆಮನೆಗಳಲ್ಲಿ ಉಡುಗೊರೆಯಾಗಿ ಬಂದ ಅವೇ ಸೀರೆಗಳು ಇಲ್ಲಿ ಕಲ್ಲಿನಂತೆ ನಿಂತವು. ಅಡ್ಡಕ್ಕೆ ಚೆಂದ ಕಾಣಲೆಂದು ಮನೆಯ ಹಳೇ ಅರಿವೆಯ ಗಂಟಿನಲ್ಲಿದ್ದ ಒಂದು ನೀಲಿ ಇಳಕಲ್ ಸೀರೆ ಹರಿದೆ. ಕೆಂಪು ದಡಿ ಅಲ್ಲಲ್ಲಿ ಇಣುಕಿ, ನೀಲಿಯ ಮೇಲೆ ಕುಂಕುಮ ಇಟ್ಟಂತೆ ಕಾಣುತ್ತದೆ.

ಆ ಗಂಟು ಧಾರವಾಡದ ನಮ್ಮತ್ತೆಯದು. ಈಗ ಅವರ ವಿಷಯಕ್ಕೆ ಬರಬೇಕು.

ನಾನು ಮದುವೆಯಾಗಿ ಹೋದ ಹೊಸತು. ಹರಿದ ನೈಟಿಯೊಂದನ್ನು ಕಸಕ್ಕೆ ಹಾಕಹೊರಟಾಗ ಅತ್ತೆ ಕೈಹಿಡಿದು ನಿಲ್ಲಿಸಿದರು. ‘ಅರಿವಿ ಒಗಿಬಾರದವಾ. ಕೌದಿಗೆ ಬರ್ತದ.’ ಸಾಗರದ ಕಡೆಯ ನನಗೆ ಕೌದಿ ಗೊತ್ತಿತ್ತು, ಅದರ ವ್ಯಾಕರಣ ಗೊತ್ತಿರಲಿಲ್ಲ. ಹಾಸಲು ಅಡಿಯಲ್ಲಿ ಇಡೀ ಸೀರೆ, ನಡುವೆ ಹೊಟ್ಟೆ ತುಂಬಲು ಸವೆದ ಅರಿವೆಗಳು, ಮೇಲೆ ಬಣ್ಣದ ತುಂಡುಗಳು. ಎಲ್ಲವೂ ಎಷ್ಟೋ ಸಲ ನೀರು ಕಂಡವು. ಹೊಸ ಬಟ್ಟೆ ಒಂದು ಸೇರಿದರೂ ಮೊದಲ ಒಗೆತಕ್ಕೆ ಅದು ಕುಗ್ಗಿ ಸುತ್ತಲಿನವನ್ನೆಲ್ಲ ಎಳೆದು ಸುಕ್ಕು ಮಾಡುತ್ತದೆ. ದಪ್ಪ ದಪ್ಪದ ಜತೆ, ತೆಳು ತೆಳುವಿನ ಜತೆ. ಆಮೇಲೆ ದಬ್ಬಣದಂಥ ಸೂಜಿ, ಎರಡೆಳೆ ದಾರ, ಅಂಚಿನಿಂದ ಶುರುವಾಗಿ ಬೆರಳಗಲದ ಅಂತರದಲ್ಲಿ ಸುಮ್ಮನೆ ಓಡುವ ಹೊಲಿಗೆ. ಮಾತಾಡುತ್ತ ಹೊಲಿದ ಸಾಲು ಸೊಟ್ಟಗಿರುತ್ತದೆ, ಮುನಿಸಿಕೊಂಡು ಹೊಲಿದದ್ದು ನೆಟ್ಟಗಿರುತ್ತದೆ ಎಂದು ಅತ್ತೆ ಹೇಳುತ್ತಿದ್ದರು. ನಮ್ಮನೆಯ ಕೌದಿಗಳಲ್ಲಿ ನೆಟ್ಟಗಿನ ಸಾಲುಗಳು ಎಲ್ಲೆಲ್ಲಿವೆ ಎಂದು ನಾನು ಎಣಿಸಲು ಹೋಗಿಲ್ಲ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರ ಕೌದಿ ಇನ್ನೂ ಒಂದು ಹೆಜ್ಜೆ ಮುಂದೆ. ಆಫ್ರಿಕಾ ಮೂಲದ ಈ ಸಮುದಾಯದ ಹೆಂಗಸರು ಒಂದು ಮೂಲೆಯಿಂದ ಹೊಲಿಗೆ ಹಿಡಿದರೆ ಅಂಚಿನ ಸುತ್ತ ಸುತ್ತುತ್ತಾ, ಸುರುಳಿಯಂತೆ ಒಳಗೊಳಗೆ ಹೋಗಿ ನಡುವಿಗೆ ಮುಟ್ಟಿಸುತ್ತಾರೆ. ಮೊದಲೇ ಬರೆದ ನಕ್ಷೆಯಿಲ್ಲ. ಕೈಗೆ ಸಿಕ್ಕ ತುಂಡು, ಆ ಕ್ಷಣಕ್ಕೆ ಹೊಳೆದ ಬಣ್ಣ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಿಸಿ ಮಡಿಸಿ ಮಾಡಿದ ಪುಟ್ಟ ‘ಫುಲ’ ಕೂರಿಸುತ್ತಾರೆ. ಫುಲ ಇಲ್ಲದ ಕೌದಿ ಬೆತ್ತಲೆ ಎಂಬ ಮಾತು ಅವರಲ್ಲಿದೆ. ಇವತ್ತು ಈ ಕೌದಿಗಳು ಪ್ರದರ್ಶನಗಳ ಗೋಡೆಯಲ್ಲಿ ಚಿತ್ರಪಟಗಳಂತೆ ತೂಗುತ್ತವೆ. ತೂಗಲಿ. ಒಳ್ಳೆ ಬೆಲೆ ಸಿಗಲಿ. ಹೊದೆಯಲು ಮಾಡಿದ್ದನ್ನು ಗೋಡೆಗೆ ಬಿಗಿದದ್ದು ಕಂಡಾಗ ನನಗೆ ಮಾತ್ರ ಯಾಕೋ ಚಳಿಯಾಗುತ್ತದೆ.

ಇಡೀ ಕೌದಿ ಹೊಲಿಯಲು ತಿಂಗಳುಗಳೇ ಬೇಕು. ಮೊದಲ ಸಲದವರು ದಿಂಬಿನ ಚೀಲದಿಂದ ಶುರುಮಾಡಿ. ಒಂದೂವರೆ ಅಡಿ ಚೌಕದ ಮೂರು ಪದರ ಸಾಕು, ಮುಖಕ್ಕೆ ಗುಳೇದಗುಡ್ಡದ ಖಣದ ತುಂಡು ಒಂದಿದ್ದರೆ ಸೋಫಾ ತಾನಾಗಿ ಎದ್ದು ಕೂರುತ್ತದೆ. ರವಿಕೆ ಹೊಲಿಸಿ ಉಳಿದ ಖಣದ ಚೂರು ಉತ್ತರ ಕರ್ನಾಟಕದ ಯಾವ ಮನೆಯಲ್ಲಿ ಇಲ್ಲ?

ರದ್ದಿ, ಮೆಂತ್ಯ ಮತ್ತು ಬಿಸಿಲು

ಅತ್ತೆಯ ಸೀಮೆಯಲ್ಲಿ ಅರಿವೆ ಹೇಗೋ, ಸಾಗರದ ನನ್ನಜ್ಜಿಗೆ ಕಾಗದ ಹಾಗೆ. ಹಳೇ ಪೇಪರ್ ಹರಿದು ಹಂಡೆಯಲ್ಲಿ ಮೂರು ದಿನ ನೆನೆಹಾಕುತ್ತಿದ್ದಳು. ದಿನಾ ನೀರು ಬದಲಿಸಬೇಕು, ಇಲ್ಲದಿದ್ದರೆ ನಾತ. ಒಂದು ಸೇರು ತಿರುಳಿಗೆ ಒಂದು ಹಿಡಿ ಮೆಂತ್ಯ, ಹಿಂದಿನ ರಾತ್ರಿಯೇ ನೆನೆಸಿದ್ದು. ಎರಡನ್ನೂ ಒರಳಿನಲ್ಲಿ ರುಬ್ಬಿದರೆ ಚಪಾತಿ ಹಿಟ್ಟಿನ ಹದ. ಮೆಂತ್ಯದ ಲೋಳೆಯೇ ಅಂಟು, ಅದರ ಕಹಿಗೆ ಹುಳ ಬರುವುದಿಲ್ಲ. ಸ್ಟೀಲಿನ ಬೋಗುಣಿಯನ್ನು ಕವುಚಿ, ಮೇಲೆ ಒದ್ದೆ ಬಟ್ಟೆ ಹೊದೆಸಿ, ಈ ಹಿಟ್ಟನ್ನು ರೊಟ್ಟಿ ತಟ್ಟಿದಂತೆ ತಟ್ಟಬೇಕು. ಅರ್ಧ ಒಣಗಿದಾಗ ಬೋಗುಣಿ ಬಿಡಿಸಿ ಇನ್ನೂ ನಾಲ್ಕು ದಿನ ಬಿಸಿಲು. ಒಣಗಿದ ಬುಟ್ಟಿ ಬೆರಳಿಂದ ತಟ್ಟಿದರೆ ತಮಟೆಯಂತೆ ಸದ್ದು ಕೊಡಬೇಕು. ಬಿರುಕುಬಿಟ್ಟ ಮೊರಕ್ಕೂ ಇದೇ ಲೇಪ. ಅಡಿಕೆ, ಒಣಮೆಣಸು, ಹಪ್ಪಳ, ಕೊನೆಗೆ ಅಜ್ಜನ ಕನ್ನಡಕದವರೆಗೆ ಎಲ್ಲಕ್ಕೂ ಇವೇ ಬುಟ್ಟಿ. ನಾನು ಈಗ ಮಿಕ್ಸಿಯಲ್ಲಿ ರುಬ್ಬುತ್ತೇನೆ. ಮಿಕ್ಸಿಗೆ ಅದು ಇಷ್ಟವಿಲ್ಲ. ಸ್ವಲ್ಪ ಸ್ವಲ್ಪವೇ ಹಾಕಿ.

ಕೊಪ್ಪಳದ ಬಳಿಯ ಕಿನ್ನಾಳದ ಕಲಾವಿದರು ಇದೇ ಬುದ್ಧಿಯನ್ನು ಬೇರೆ ಎತ್ತರಕ್ಕೆ ಒಯ್ದಿದ್ದಾರೆ. ಹಗುರ ಮರದ ಗೊಂಬೆಗಳ ಜೋಡಣೆಗೆ ಹುಣಸೆಬೀಜದ ಅಂಟು, ಮರದ ಹೊಟ್ಟು ಬಳಸುತ್ತಾರೆ. ಹುಣಸೆ ಕುಟ್ಟಿದ ಮೇಲೆ ಬೀಜ ಎಸೆಯುವವರಿಗೆ ಇದು ಗೊತ್ತಿರಲಿ: ಹುರಿದು, ಸಿಪ್ಪೆ ಬಿಡಿಸಿ, ಪುಡಿ ಮಾಡಿ ಕುದಿಸಿದರೆ ಕಾಗದ, ಬಟ್ಟೆ ಅಂಟಿಸಲು ಅಂಗಡಿಯ ಗೋಂದು ಬೇಕಿಲ್ಲ.

ಬುಟ್ಟಿಯ ಮೈಗೆ ಬಣ್ಣ ಎಂದಾಗ ನಮ್ಮ ಸೀಮೆಯವರಿಗೆ ನೆನಪಾಗುವುದು ಹಸೆ ಚಿತ್ತಾರ. ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ, ಭೂಮಿ ಹುಣ್ಣಿಮೆಗೆ ಗದ್ದೆಗೆ ಚರಗ ಹೊರುವ ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುವ ಚಿತ್ತಾರ. ಕೆಮ್ಮಣ್ಣಿನ ಕೆಂಪು, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಖರ್ಚೆಂದರೆ ಕಣ್ಣು ಮತ್ತು ಸೊಂಟ. ನಾನು ಕಾಗದದ ಬುಟ್ಟಿಗೆ ಕೆಮ್ಮಣ್ಣು ಬಳಿದು, ಬಿಳಿಯಲ್ಲಿ ನಾಲ್ಕು ಗೆರೆ ಎಳೆದು ಸುಮ್ಮನಾಗುತ್ತೇನೆ. ಪೂರ್ತಿ ಚಿತ್ತಾರ ಬೇಕೆನಿಸಿದರೆ ಬರೆಯುವವರಿಂದಲೇ ಬರೆಸಿ, ದುಡ್ಡು ಕೊಟ್ಟು. ಅಂತರಜಾಲದಿಂದ ಇಳಿಸಿ ಸ್ಟಿಕರ್ ಮಾಡಿಸಿ ಗೋಡೆಗೆ ಅಂಟಿಸುವುದು ಮಿತವ್ಯಯವಲ್ಲ, ಕಳವು. ಸಾಗರದ ಕಡೆ ಸುಗ್ಗಿಯಲ್ಲಿ ಹೆಣೆಯುವ ಬತ್ತದ ತೆನೆಯ ತೋರಣವೂ ಅಷ್ಟೇ, ಹೆಣೆಯುವವರಿಂದಲೇ ಕೊಳ್ಳಿ. ಬಾಗಿಲಿಗೆ ಕಟ್ಟಿದರೆ ವರ್ಷವಿಡೀ ಬಂಗಾರದ ಬಣ್ಣ ಹಿಡಿದಿರುತ್ತದೆ. ಬೆಂಗಳೂರಿನ ಗುಬ್ಬಚ್ಚಿಗಳು ಉಳಿದಿದ್ದರೆ ತಿಂಗಳಲ್ಲಿ ಖಾಲಿ ಮಾಡುತ್ತಿದ್ದವು, ಈಗ ಆ ಭಯವೂ ಇಲ್ಲ.

ಗೋಧಿ ತೆನೆಯ ಮುದ್ರೆ

ಪ್ಯಾಲೆಟ್ ಎಂಬುದೊಂದು ಹೊಸ ಹುಚ್ಚು. ಕಾರ್ಖಾನೆಗೆ ಸರಕು ಬರುವ ಮರದ ತಟ್ಟೆಗಳವು. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಸುತ್ತ ಅಗ್ಗಕ್ಕೆ ಸಿಗುತ್ತವೆ. ಎರಡು ಜೋಡಿಸಿ ಹಾಸಿಗೆ ಹಾಕಿದರೆ ದಿವಾನ, ನಿಲ್ಲಿಸಿದರೆ ಗಿಡದ ಕುಂಡಗಳ ಗೋಡೆ. ವಿದೇಶದಿಂದ ಬಂದದ್ದಾದರೆ ಪಕ್ಕದಲ್ಲಿ ಗೋಧಿ ತೆನೆಯ ಒಂದು ಸುಟ್ಟ ಮುದ್ರೆ ಇರುತ್ತದೆ. ಅದರ ಬಳಿ ‘ಎಚ್‌ಟಿ’ ಎಂಬ ಅಕ್ಷರಗಳಿದ್ದರೆ ಹುಳ ಸಾಯಲೆಂದು ಮರದ ಒಡಲು 56 ಡಿಗ್ರಿ ಮುಟ್ಟಿ ಅರ್ಧ ಗಂಟೆ ಅಲ್ಲೇ ನಿಲ್ಲುವಂತೆ ಕಾಯಿಸಿದ್ದಾರೆ ಎಂದರ್ಥ. ತರಬಹುದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ. ಮಲಗುವ ಕೋಣೆಗೆ ಅದು ಬೇಡ. ಮುದ್ರೆಯೇ ಇಲ್ಲದ ಊರ ಪ್ಯಾಲೆಟ್ ಮೇಲೆ ಏನು ಚೆಲ್ಲಿತ್ತೋ ಬಲ್ಲವರಾರು, ಕಲೆ ಕಂಡರೆ, ರಾಸಾಯನಿಕದ ವಾಸನೆ ಬಂದರೆ ಬಿಟ್ಟುಬಿಡಿ. ನನ್ನ ಅಭಿಪ್ರಾಯ ಕೇಳಿದರೆ, ಉಜ್ಜಿ, ಕತ್ತರಿಸಿ, ಬಡಗಿಯ ಕೂಲಿ ಕೊಟ್ಟು ಮುಗಿಸುವ ಹೊತ್ತಿಗೆ ಪ್ಯಾಲೆಟ್ಟಿನ ಅಗ್ಗ ಉಳಿದಿರುವುದಿಲ್ಲ. ಅದರ ಪೈನ್ ಮೆದು ಮರ. ಬಾಲ್ಕನಿಗೆ ಸರಿ.

ಅದಕ್ಕಿಂತ ನನಗೆ ಹಿಡಿಸುವುದು ಲಂಟಾನ. ನಮ್ಮ ಕಾಡುಗಳನ್ನು ನುಂಗುತ್ತಿರುವ ಈ ಪರದೇಶಿ ಪೊದೆಯ ಕಾಂಡವನ್ನು ಕುದಿಸಿ, ಸಿಪ್ಪೆ ಸುಲಿದು, ಬೆತ್ತದಂತೆ ಬಾಗಿಸಿ ಕುರ್ಚಿ, ಬುಟ್ಟಿ ಮಾಡುವ ಕೆಲಸವನ್ನು ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಕಲಿತಿದ್ದಾರೆ. ಅಲ್ಲಿಂದ ತಂದ ಒಂದು ಪುಟ್ಟ ಪೀಠ ನಮ್ಮನೆಯಲ್ಲಿದೆ, ಗೆದ್ದಲು ಅದರತ್ತ ತಿರುಗಿಯೂ ನೋಡಿಲ್ಲ.

ಹೆಂಚನ್ನು ಮರೆಯಬಾರದು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಕರಾವಳಿಯ ಮಾಡುಗಳನ್ನು ಕಾದ ಹೆಂಚುಗಳು ಈಗ ಮನೆಗಳ ಹಿತ್ತಿಲಲ್ಲಿ ಅಟ್ಟಿಯಾಗಿ ಬಿದ್ದಿವೆ. ಕಾರ್ಖಾನೆಯ ಗುರುತು ಅಚ್ಚೊತ್ತಿದ ಒಂದು ಹೆಂಚನ್ನು ಗೋಡೆಯ ದೀಪಕ್ಕೆ ಮರೆಯಾಗಿ ನಿಲ್ಲಿಸಿ ನೋಡಿ, ಬೆಳಕು ಕೆಂಪು ಮಣ್ಣು ತಾಗಿ ಮೆತ್ತಗಾಗುತ್ತದೆ. ಒಡೆದ ಟೈಲ್ಸ್, ಬಳೆಚೂರುಗಳಿದ್ದರೆ ಮೇಜಿನ ಮೇಲೆ ಸಿಮೆಂಟಿನಲ್ಲಿ ಕೂರಿಸಬಹುದು. ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್ ಇಂಥ ಚೂರುಗಳಿಂದಲೇ 1957ರಿಂದ ಚಂಡೀಗಢದ ಕಾಡಂಚಿನಲ್ಲಿ ಗುಟ್ಟಾಗಿ ಒಂದು ಲೋಕ ಕಟ್ಟಿದ. 1976ರಲ್ಲಿ ಅದು ರಾಕ್ ಗಾರ್ಡನ್ ಎಂದು ಜನರಿಗೆ ತೆರೆಯಿತು. ನಿಮಗೆ ಒಂದು ಟೀಪಾಯಿ ಸಾಕು.

ಮಾಡಬಾರದವುಗಳೂ ಇವೆ. ಬಣ್ಣ ಬಳಿದ ಬಾಟಲಿಗಳ ಸಾಲು: ಧೂಳು ಒರೆಸುವವರಾರು? ಸಿ.ಡಿ.ಗಳ ತೂಗುಮಾಲೆ: ಹದಿನೈದು ದಿನಕ್ಕೆ ಕಣ್ಣಿಗೆ ಸಾಕಾಗುತ್ತದೆ. ಬಾಟಲಿಗೆ ಸೀಮೆಎಣ್ಣೆಯ ದಾರ ಸುತ್ತಿ ಬೆಂಕಿಯಿಟ್ಟು ಕತ್ತರಿಸುವ ಸಾಹಸ ಬೇಡವೇ ಬೇಡ, ಅದರ ಗುರುತು ನನ್ನ ಎಡಗೈಯಲ್ಲಿದೆ. ಬಾಲ್ಕನಿಯ ಬಣ್ಣದ ಟೈರಿನೊಳಗೆ ಮಳೆನೀರು ನಿಂತರೆ ಅಲ್ಲಿ ಮೊದಲು ಮೊಟ್ಟೆಯಿಡುವುದು ಡೆಂಗಿ ಸೊಳ್ಳೆ. ಕೆಳಗೆ ನಾಲ್ಕು ತೂತು ಕೊರೆದಿದ್ದರೆ ಮಾತ್ರ ಇಡಿ. ಅಲಂಕಾರಕ್ಕೆಂದೇ ಮಾಡಿದ ವಸ್ತು ಮತ್ತೆ ಗುಜರಿ ಸೇರಲು ವರ್ಷ ಸಾಕು. ಸದಾ ಕೈ ತಾಗುವ, ಮೈ ತಾಗುವ ವಸ್ತು ಮಾತ್ರ ಉಳಿದುಕೊಳ್ಳುತ್ತದೆ. ಹಬ್ಬಕ್ಕೆ ಮಾಡುವುದರ ಮಾತು ಬೇರೆ. ದಸರಾ ಗೊಂಬೆಗೆ ಟ್ರಂಕು, ಡಬ್ಬ, ಬೆಂಚುಗಳನ್ನು ಜೋಡಿಸಿ ಮೇಲೆ ಬಿಳಿ ಪಂಚೆ ಹೊದೆಸಿದರೆ ಒಂಬತ್ತು ದಿನಕ್ಕೆ ಸಿಂಹಾಸನ, ಹತ್ತನೇ ದಿನ ಮತ್ತೆ ಟ್ರಂಕು. ತುಳುನಾಡಿನ ಗೂಡುದೀಪಕ್ಕೆ ಬಿದಿರಿನ ಕಡ್ಡಿ, ಬಣ್ಣದ ಕಾಗದ, ಮೈದಾ ಅಂಟು, ಮನೆಮಂದಿಯ ಒಂದು ರಾತ್ರಿಯ ನಿದ್ದೆ. ದೀಪಾವಳಿ ಕಳೆದ ಮೇಲೆ ಅದು ಹರಿದರೂ ಯಾರಿಗೂ ಬೇಸರವಿಲ್ಲ, ಮುಂದಿನ ವರ್ಷ ಇನ್ನೂ ದೊಡ್ಡದು ಮಾಡುವುದಿದೆಯಲ್ಲ.

ಕುರ್ಚಿಗೆ ಈಗ ಎಂಟು ವರ್ಷ. ಹಲಸಿನ ಮರಕ್ಕೊಂದು ಸ್ವಭಾವವಿದೆ: ಹೊಸದರಲ್ಲಿ ಅರಿಶಿನದ ಹಳದಿ, ಬೆಳಕು ಕಂಡಂತೆ ಕಂದಾಗುತ್ತಾ ಬರುತ್ತದೆ. ನಾಲ್ಕನೇ ಕಾಲು ಉಳಿದ ಮೂರನ್ನು ಇನ್ನೂ ಪೂರ್ತಿ ಹಿಡಿದಿಲ್ಲ, ಸಂಜೆ ಬೆಳಕಿನಲ್ಲಿ ಮಾತ್ರ ಗೊತ್ತಾಗುವುದಿಲ್ಲ. ಹೋದ ತಿಂಗಳು ಅತ್ತೆ ಊರಿಂದ ಬಂದವರು ನೇರ ಅದರಲ್ಲೇ ಕೂತರು. ಸಣ್ಣ ನಾದಿನಿಗೆ ಬಾಣಂತನ, ಕೂಸಿನ ಕೌದಿಯಾಗಬೇಕು. ಮಡಿಲಲ್ಲಿ ತುಂಡುಗಳನ್ನು ಹರವಿಕೊಂಡು, ನನ್ನಿಂದ ಸೂಜಿಗೆ ದಾರ ಪೋಣಿಸಿಕೊಂಡು, ಎರಡು ಸಾಲು ಹೊಲಿದರು. ಆಮೇಲೆ ಗಂಟು ಬಿಚ್ಚಿ ಏನನ್ನೋ ಹುಡುಕತೊಡಗಿದರು.

‘ಕೌದಿ ಅಂಚಿಗೆ ಅಂತ ಒಂದ ನೀಲಿ ಇಳಕಲ್ ಸೀರಿ ತೆಗದಿಟ್ಟಿದ್ನೆಲ್ಲ. ಕೆಂಪ ದಡೀದು. ಎಲ್ಲಿ ಹೋತವಾ ಅದು?’

ನಾನು ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಹೇಳಿ ಅಡುಗೆಮನೆಗೆ ಹೋದೆ.